ಬದಿಯಡ್ಕದ ತೋಟದಲ್ಲಿ ಎರಡು ಪಿಕಪ್: ಡೀಸೆಲ್ ಯಾರಿಗೆ, ಪೆಟ್ರೋಲ್ ಯಾರಿಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ನಾಲ್ಕು ಕಿಲೋಮೀಟರ್ ಒಳಗೆ ಗುಡ್ಡೆಯ ಬುಡದಲ್ಲಿ ಒಂದು ಅಡಿಕೆ ತೋಟ. ಪಾಲಾದ ಮೇಲೆ ಅಣ್ಣ ತಮ್ಮಂದಿರದು ಅಕ್ಕಪಕ್ಕದಲ್ಲೇ ಎರಡು ಮನೆ. ಅಣ್ಣನದು ತೋಟ, ನಾಲ್ಕು ಹಸು. ತಮ್ಮನಿಗೆ ತೋಟಕ್ಕಿಂತ ಬಾಡಿಗೆಯೇ ಮುಖ್ಯ. ಬೊಂಡ (ಎಳನೀರು), ಬಾಳೆಗೊನೆ, ತೆಂಗಿನಕಾಯಿ ಹೇರಿಕೊಂಡು ವಾರಕ್ಕೆ ಮೂರು ಸಲ ಕುಂಬಳೆ ದಾರಿಯಾಗಿ ಮಂಗಳೂರಿಗೆ ಹೋಗಿ ಬರುತ್ತಾನೆ.

ಎರಡು ಮನೆಗೂ ಒಂದೊಂದು ಗಾಡಿ. ಅಣ್ಣನದು 2021ರ ಬಿಎಸ್6 (ಹೊಗೆ ನಿಯಮದ ಆರನೇ ಹಂತ) ಡೀಸೆಲ್ ಪಿಕಪ್. 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 200 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಗಿಸುವ ಬಲ). ಆರ್.ಸಿ.ಯಲ್ಲಿ ಒಟ್ಟು ತೂಕ 3000 ಕಿಲೋಗಿಂತ ಸ್ವಲ್ಪ ಕಡಿಮೆ, ಲೋಡು 1.3 ಟನ್. ತಮ್ಮನದು 1.2 ಲೀಟರಿನ ಪೆಟ್ರೋಲ್ ಮಿನಿ ಟ್ರಕ್. 104 ನ್ಯೂಟನ್ ಮೀಟರ್, ಒಟ್ಟು ತೂಕ 1600 ಕಿಲೋ, ಲೋಡು 740 ಕಿಲೋ.

ಎರಡೂ ಗಾಡಿ ಒಂದೇ ಮಳೆಗಾಲದಲ್ಲಿ ಕೈಕೊಟ್ಟವು. ಡೀಸೆಲ್ ಪಿಕಪ್ಪಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿ ಎಳೆತ ಬಿದ್ದುಹೋಯಿತು. ಮಿನಿ ಟ್ರಕ್ಕಿನಲ್ಲಿ 34,000 ಕಿಲೋಮೀಟರಿಗೆ ಎರಡನೇ ಕ್ಲಚ್ ಪ್ಲೇಟು ಸುಟ್ಟಿತು. ಡೀಸೆಲ್ ಸಹವಾಸವೇ ಬೇಡ ಎಂದು ಅಣ್ಣ, ಪೆಟ್ರೋಲ್ ಗಾಡಿಗೆ ದಮ್ಮಿಲ್ಲ ಎಂದು ತಮ್ಮ. ಎರಡನ್ನೂ ಮಾರಿ 1.7 ಟನ್ ಹೊರುವ ಒಂದು ದೊಡ್ಡ ಹೊಸ ಪಿಕಪ್ ತೆಗೆದುಕೊಳ್ಳುವ ಮಾತು ನಡೆದಿತ್ತು. ಅಷ್ಟರಲ್ಲಿ ಗ್ಯಾರೇಜಿನಲ್ಲಿ ಎರಡೂ ಗಾಡಿಗಳ ತಪಾಸಣೆ, ಒಂದು ತಿಂಗಳ ಓಟದ ಲೆಕ್ಕ ಒಟ್ಟಿಗೆ ಆದದ್ದರಿಂದ ಬೇರೆಯೇ ಸಂಗತಿ ಕಂಡಿತು. ಎಂಜಿನ್ ಎರಡೂ ಸರಿಯಾಗಿದ್ದವು. ಎರಡೂ ಒಂದರ ಕೆಲಸ ಇನ್ನೊಂದು ಮಾಡುತ್ತಿದ್ದವು.

ಡೀಸೆಲ್ ಪಿಕಪ್ಪಿಗೆ ಏನಾಗಿತ್ತು

ಅಣ್ಣನ ದಿನಚರಿ ಹೀಗೆ. ಬೆಳಿಗ್ಗೆ ಹಾಲಿನ ಕ್ಯಾನು ಇಟ್ಟುಕೊಂಡು ಸೊಸೈಟಿಗೆ, ಅಲ್ಲಿಂದ ಪೇಟೆಗೆ, ಮನೆಗೆ. ಸಂಜೆ ಮತ್ತೊಮ್ಮೆ ಹಾಗೆಯೇ. ಒಂದೊಂದು ಸಲಕ್ಕೆ ನಾಲ್ಕು ಕಿಲೋಮೀಟರ್, ಹತ್ತು ನಿಮಿಷ. ದಿನಕ್ಕೆ 16 ಕಿಲೋಮೀಟರ್, ತಿಂಗಳಿಗೆ ಹತ್ತಿರ ಹತ್ತಿರ 500. ಲೋಡು ಎಂದರೆ ಎರಡು ಕ್ಯಾನು ಹಾಲು, ಹಿಂಡಿ ಗೋಣಿ ಒಂದೋ ಎರಡೋ. ಸೊಸೈಟಿಯ ಎದುರು ಸರದಿ ಬರುವ ತನಕ ಎಂಜಿನ್ ಆಫ್ ಮಾಡದೆ ನಿಲ್ಲಿಸುವ ಅಭ್ಯಾಸ ಬೇರೆ.

ಬಿಎಸ್3 ಕಾಲದ ಡೀಸೆಲ್ ಗಾಡಿಯನ್ನು ಹೀಗೆ ಓಡಿಸಿದರೆ ದೊಡ್ಡ ತೊಂದರೆ ಆಗುತ್ತಿರಲಿಲ್ಲ. ಮಸಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿತ್ತು, ಅಷ್ಟೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮಕ್ಕೆ ಹೊಂದುವ ಡೀಸೆಲ್ ಗಾಡಿಗಳಲ್ಲಿ ಆ ಮಸಿಯನ್ನು ಡಿಪಿಎಫ್ ಹಿಡಿದಿಟ್ಟುಕೊಳ್ಳುತ್ತದೆ. ಸೈಲೆನ್ಸರಿಗೆ ಮೊದಲು ಇರುವ ಪಿಂಗಾಣಿಯಂಥ ಜಾಲರಿ ಇದು. ಮಸಿ ತುಂಬುತ್ತಾ ಬಂದಾಗ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಸಿಂಪಡಿಸಿ ಡಿಪಿಎಫ್‌ನ ಒಳಗಿನ ಶಾಖವನ್ನು 550ರಿಂದ 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದೇ ರೀಜನರೇಷನ್. ಇಂಥ ಗಾಡಿಗಳಲ್ಲಿ 300ರಿಂದ 500 ಕಿಲೋಮೀಟರಿಗೆ ಒಮ್ಮೆ ಇದು ನಡೆಯುತ್ತದೆ. ಮುಗಿಯಬೇಕಾದರೆ ಎಂಜಿನ್ ಪೂರಾ ಬಿಸಿಯಾಗಿದ್ದು, ಗಾಡಿ ನಿಲ್ಲದೆ 15ರಿಂದ 25 ನಿಮಿಷ ಓಡಬೇಕು.

ಹತ್ತು ನಿಮಿಷದ ಓಟದಲ್ಲಿ ಅದು ಎಲ್ಲಿಂದ ಆಗಬೇಕು? ಸ್ಕ್ಯಾನರ್ ಹಾಕಿ ನೋಡಿದಾಗ ಕೊನೆಯ ಆರು ರೀಜನರೇಷನ್‌ಗಳಲ್ಲಿ ಐದು ಅರ್ಧಕ್ಕೆ ನಿಂತಿದ್ದವು. ಮನೆಯಿಂದ ಸೊಸೈಟಿ ಮುಟ್ಟುವಾಗ ಕೂಲೆಂಟಿನ ಶಾಖ 65 ಡಿಗ್ರಿ ಕೂಡ ದಾಟಿರಲಿಲ್ಲ. ಅಂಥ ತಣ್ಣಗಿನ ಎಂಜಿನ್ನಿನಲ್ಲಿ ಮಸಿ ಉಂಟಾಗುವುದೂ ಹೆಚ್ಚು, ಅದನ್ನು ಸುಡುವ ಅವಕಾಶವೂ ಕಡಿಮೆ.

ಇದಕ್ಕಿಂತ ಕೆಟ್ಟದ್ದು ಆಯಿಲ್ ಗೇಜಿನಲ್ಲಿ ಕಂಡಿತು. ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ನೋಡಿದರೆ ಆಯಿಲು ಮೇಲಿನ ಗೆರೆಗಿಂತ ಒಂದು ಬೆರಳು ಮೇಲೆ ನಿಂತಿತ್ತು. ಯಾರೂ ಆಯಿಲು ಹಾಕಿರಲಿಲ್ಲ. ಬೆರಳಿಗೆ ಮುಟ್ಟಿಸಿ ತಿಕ್ಕಿದರೆ ನೀರಾದ ಹಾಗೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ರೀಜನರೇಷನ್‌ಗೆಂದು ತಡವಾಗಿ ಸಿಂಪಡಿಸಿದ ಡೀಸೆಲ್ ಪೂರಾ ಉರಿಯದೆ ಸಿಲಿಂಡರಿನ ಗೋಡೆಗೆ ತಾಗಿ, ರಿಂಗುಗಳ ಸಂದಿಯಿಂದ ಕೆಳಗಿಳಿದು ಸಂಪ್ (ಎಂಜಿನ್ನಿನ ಆಯಿಲ್ ತೊಟ್ಟಿ) ಸೇರಿತ್ತು. ಅರ್ಧಕ್ಕೆ ನಿಂತ ಪ್ರತಿ ರೀಜನರೇಷನ್ ಇನ್ನಷ್ಟು ಡೀಸೆಲನ್ನು ಆಯಿಲಿಗೆ ಸೇರಿಸುತ್ತದೆ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಸವೆಯುತ್ತದೆ, ಟರ್ಬೊ ಹೋಗುತ್ತದೆ. ಆಯಿಲು ಕಡಿಮೆಯಾದರೆ ಹೆದರುವವರು ಹೆಚ್ಚಾದರೆ ಹೆದರುವುದಿಲ್ಲ. ಬಿಎಸ್6 ಡೀಸೆಲ್ ಗಾಡಿ ಇದ್ದವರು ಈ ಒಂದು ವಿಷಯದಲ್ಲಿ ಅಭ್ಯಾಸ ಬದಲಿಸಿಕೊಳ್ಳಲೇಬೇಕು. ವಾರಕ್ಕೊಮ್ಮೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸಮ ಜಾಗದಲ್ಲಿ ಕಡ್ಡಿ ಎಳೆದು ನೋಡಬೇಕು. ಮೇಲಿನ ಗೆರೆ ದಾಟಿದ್ದರೆ ಸರ್ವಿಸ್ ಕಿಲೋಮೀಟರ್ ಎಷ್ಟೇ ಬಾಕಿಯಿದ್ದರೂ ಆಯಿಲು ಬದಲಿಸಬೇಕು.

ರಿಪೇರಿಯ ಕ್ರಮ ಇಲ್ಲಿ ಮುಖ್ಯ, ಏಕೆಂದರೆ ದೀಪ ಹತ್ತಿದ ಕೂಡಲೇ ಡಿಪಿಎಫ್ ಬದಲಿಸಿ ಎನ್ನುವವರಿದ್ದಾರೆ. ಮೊದಲು ನೋಡಬೇಕಾದ್ದು ಡಿಪಿಎಫ್‌ನ ಮುಂದೆ ಹಿಂದೆ ಒತ್ತಡ ಅಳೆಯುವ ಸೆನ್ಸರಿನ ಎರಡು ಸಣ್ಣ ಹೋಸುಗಳನ್ನು. ಅವು ಬಿರುಕು ಬಿಟ್ಟರೆ, ಇಲಿ ಕಚ್ಚಿದರೆ, ಒಳಗೆ ನೀರು ನಿಂತರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನಲ್ಲಿ ಗಾಳಿ ಸೋರಿಕೆ ಇದೆಯೇ ಎಂದು. ಗಾಳಿ ಕಡಿಮೆಯಾದರೆ ಮಸಿ ಹೆಚ್ಚುತ್ತದೆ. ಆಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಕಟ್ಟಿಕೊಂಡಿದೆಯೇ, ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಂದ ಹಿಂದಕ್ಕೆ ಬರುವ ಡೀಸೆಲ್ (ರಿಟರ್ನ್) ಸಮವಾಗಿದೆಯೇ ಎಂದು. ಇಷ್ಟೂ ಸರಿಯಿದ್ದರೆ ಮಾತ್ರ ಸ್ಕ್ಯಾನರಿನಿಂದ ಬಲವಂತದ ರೀಜನರೇಷನ್. ಈ ಗಾಡಿಯಲ್ಲಿ ಒಂದು ಹೋಸು ಸಡಿಲವಾಗಿತ್ತು, ಉಳಿದದ್ದೆಲ್ಲ ಸರಿ. ಅಂದರೆ ರೋಗದ ಮೂಲ ಓಟದಲ್ಲೇ ಇತ್ತು.

ಬಲವಂತದ ರೀಜನರೇಷನ್ ತೋಟದ ಮನೆಯ ಅಂಗಳದಲ್ಲಿ ಮಾಡಿಸುವುದಾದರೆ ಒಂದು ಎಚ್ಚರಿಕೆ. ಗಾಡಿ ನಿಂತಲ್ಲೇ ಎಂಜಿನ್ 2000 ಆರ್‌ಪಿಎಂ ಮೀರಿ ಅರ್ಧ ಗಂಟೆ ಓಡುತ್ತದೆ. ಸೈಲೆನ್ಸರಿನ ಗಾಳಿ ಬೆಂಕಿ ಹೊತ್ತಿಸುವಷ್ಟು ಬಿಸಿ. ಒಣಗಿದ ಅಡಿಕೆ ಸೋಗೆ, ಹಾಳೆ, ತೆಂಗಿನ ಮಡಲು ಬಿದ್ದಿರುವ ಅಂಗಳ ಅದಕ್ಕೆ ಆಗದು. ಬೋಳು ಮುರಕಲ್ಲಿನ ನೆಲ ಅಥವಾ ಕಾಂಕ್ರೀಟು ಬೇಕು. ಸುತ್ತ ಮೂರು ಮೀಟರ್ ಗುಡಿಸಿರಬೇಕು, ಹಿಂದೆ ಯಾರೂ ನಿಲ್ಲಬಾರದು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಬೇಕು. ಮುಗಿದ ಮೇಲೆ ಐದು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ ಆಯಿಲು, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಬೇಕು. ಹಾಕುವ ಆಯಿಲು ಬೂದಿ ಕಡಿಮೆ ಬರುವಂಥದ್ದೇ ಆಗಿರಬೇಕು. ಗಾಡಿಯ ಕೈಪಿಡಿಯಲ್ಲಿರುವ ಗ್ರೇಡ್ ಬಿಟ್ಟು ಅಗ್ಗದ್ದನ್ನು ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂತುಕೊಳ್ಳುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗುವುದಿಲ್ಲ.

ಕೆಲಸ ಮುಗಿದಾಗ ಮೆಕ್ಯಾನಿಕ್ ಹೇಳಿದ ಮಾತು ಸರಿಯಾಗಿತ್ತು: "ಈಗ ಸರಿಯಾಗಿದೆ ಅಣ್ಣ. ಆದರೆ ದಿನಾ ಇದೇ ಸೊಸೈಟಿ, ಇದೇ ಪೇಟೆ ಅಂತ ಓಡಿಸಿದರೆ ಇನ್ನು ನಾಲ್ಕು ತಿಂಗಳಿಗೆ ಮತ್ತೆ ಇಲ್ಲಿಗೇ ಬರ್ತೀರಿ."

ಮಿನಿ ಟ್ರಕ್ಕಿನ ಕ್ಲಚ್

ತಮ್ಮನ ದೂರು ಎಲ್ಲರೂ ಹೇಳುವಂಥದ್ದೇ: ಪೆಟ್ರೋಲ್ ಗಾಡಿ ಚಡಾವು ಹತ್ತುವುದಿಲ್ಲ. ಹೌದೋ ಅಲ್ಲವೋ ನೋಡಲು ಗಾಡಿಯನ್ನು ಲೋಡು ಸಮೇತ ತೂಕದ ಸೇತುವೆಗೆ ಹತ್ತಿಸಲಾಯಿತು. ಅಂದಿನ ಲೋಡು 600 ಬೊಂಡ. ಒಂದು ಬೊಂಡ ಸರಾಸರಿ 1.8 ಕಿಲೋ ಎಂದರೆ 1080 ಕಿಲೋ. ಗಾಡಿ, ಡ್ರೈವರ್, ಜತೆಗೊಬ್ಬ ಎಲ್ಲ ಸೇರಿ ಕಾಟಾದಲ್ಲಿ 2080 ಕಿಲೋ ಬಂತು. ಆರ್.ಸಿ. ಹೇಳುವುದು 1600. ಅಂದರೆ 480 ಕಿಲೋ ಹೆಚ್ಚು.

ಈಗ ಟಾರ್ಕನ್ನು ತೂಕಕ್ಕೆ ಹಂಚಿ ನೋಡಿ. ಡೀಸೆಲ್ ಪಿಕಪ್ ಪೂರ್ತಿ ಲೋಡಿನಲ್ಲಿ 2950 ಕಿಲೋ, 200 ನ್ಯೂಟನ್ ಮೀಟರ್. ಟನ್ನಿಗೆ 68. ಮಿನಿ ಟ್ರಕ್ ಆರ್.ಸಿ. ತೂಕದಲ್ಲಿ 1600 ಕಿಲೋ, 104 ನ್ಯೂಟನ್ ಮೀಟರ್. ಟನ್ನಿಗೆ 65. ಎರಡೂ ಹೆಚ್ಚು ಕಡಿಮೆ ಒಂದೇ. ಗೇರಿನ ವ್ಯತ್ಯಾಸ ಬದಿಗಿಟ್ಟರೆ, ನಿಯಮದ ಲೋಡಿನಲ್ಲಿ ಪೆಟ್ರೋಲ್ ಗಾಡಿ ಬಡಕಲಲ್ಲ. 2080 ಕಿಲೋ ಹೇರಿದಾಗ ಮಾತ್ರ ಟನ್ನಿಗೆ 50ಕ್ಕೆ ಇಳಿಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಬಂದ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಓವರ್‌ಲೋಡಿನದು.

ಆದರೆ ಒಂದು ವ್ಯತ್ಯಾಸ ನಿಜವಾಗಿಯೂ ಇದೆ. ಆ ಡೀಸೆಲ್ ಎಂಜಿನ್ ತನ್ನ 200 ನ್ಯೂಟನ್ ಮೀಟರನ್ನು 1400 ಆರ್‌ಪಿಎಂನಿಂದಲೇ ಕೊಡುತ್ತದೆ. ಪೆಟ್ರೋಲ್ ಎಂಜಿನ್ ತನ್ನ 104ನ್ನು ಕೊಡುವುದು 2900ರ ಸುತ್ತಮುತ್ತ. ಕ್ಲಚ್ ಹಿಡಿಯುವ ಹೊತ್ತಿಗೆ, ಅಂದರೆ 1200–1500 ಆರ್‌ಪಿಎಂನಲ್ಲಿ, ಅದರ ಕೈಯಲ್ಲಿ ಪೂರ್ತಿ ಶಕ್ತಿ ಇರುವುದಿಲ್ಲ. ಹಾಗಾಗಿ ಡ್ರೈವರ್ ಎಕ್ಸಿಲೇಟರ್ ಒತ್ತಿ ಹಾಫ್ ಕ್ಲಚ್ಚಿನಲ್ಲಿ ಗಾಡಿ ಎತ್ತುತ್ತಾನೆ. ಸಮ ದಾರಿಯಲ್ಲಿ ಅದು ಒಂದು ಸೆಕೆಂಡಿನ ಕೆಲಸ. ಬೊಂಡ ತುಂಬಿಸುವುದು ರಸ್ತೆ ಬದಿಯಲ್ಲಲ್ಲ. ತೋಟದ ಒಳಗೆ ಹಿಮ್ಮುಖವಾಗಿ ಇಳಿದು, ತುಂಬಿಸಿಕೊಂಡು, ನಿಂತಲ್ಲಿಂದ ಮೇಲೆ ಹತ್ತಬೇಕು.

ಆ ಚಡಾವು ಎಷ್ಟಿದೆ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಒಂದು ಮೀಟರ್ ಉದ್ದದ ನೇರ ಪಟ್ಟಿ, ಗಾರೆ ಕೆಲಸದವರ ರಸಮಟ್ಟ, ಒಂದು ಸ್ಕೇಲು ಸಾಕು. ಪಟ್ಟಿಯ ಒಂದು ತುದಿ ನೆಲಕ್ಕಿಟ್ಟು ರಸಮಟ್ಟ ಸಮ ಬರುವ ತನಕ ಇನ್ನೊಂದು ತುದಿ ಎತ್ತಿ ಕೆಳಗಿನ ಸಂದಿ ಅಳೆಯಬೇಕು. ಎಷ್ಟು ಸೆಂಟಿಮೀಟರೋ ಅಷ್ಟು ಶೇಕಡಾ. ತಮ್ಮ ಬೊಂಡ ತುಂಬಿಸುವ ಒಂದು ತೋಟದ ದಾರಿ 17 ಸೆಂಟಿಮೀಟರ್ ತೋರಿಸಿತು. ಮುರಿದ ಮುರಕಲ್ಲಿನ ದಾರಿಯಲ್ಲಿ ಚಕ್ರ ಉರುಳುವುದಕ್ಕೇ ಇನ್ನು ಶೇ. 3 ಹಿಡಿಯಿರಿ. ಒಟ್ಟು ತೂಕದ ಶೇ. 20ರಷ್ಟು ಎಳೆತ ಬೇಕು. 1600 ಕಿಲೋಗೆ 320 ಕಿಲೋ, 2080 ಕಿಲೋಗೆ 416 ಕಿಲೋ. ಆ ಹೆಚ್ಚಿನ ಸುಮಾರು 100 ಕಿಲೋ ಎಳೆತಕ್ಕಾಗಿ ಕ್ಲಚ್ ಪ್ಲೇಟು ಮೂರು ನಾಲ್ಕು ಸೆಕೆಂಡು ಜಾರಿಕೊಂಡೇ ಇರುತ್ತದೆ. ಸುಟ್ಟ ವಾಸನೆ ಬರುವುದು ಆಗಲೇ. ಹಿಂದೆ ಒಂದು ಸ್ಪ್ರಿಂಗ್ ಪಟ್ಟಿ ಹೆಚ್ಚಿಗೆ ಹಾಕಿಸಿದ್ದರಿಂದ ಗಾಡಿ ಕೂರುವುದು ನಿಂತಿತ್ತು, ತಮ್ಮನಿಗೆ ಲೋಡು ಹಿಡಿಸುತ್ತದೆ ಎಂಬ ಧೈರ್ಯ ಬಂದಿತ್ತು. ಪಟ್ಟಿ ಹೆಚ್ಚಿಸಿದರೆ ಬ್ರೇಕು, ಆಕ್ಸಲ್, ಕ್ಲಚ್ ಹೆಚ್ಚುವುದಿಲ್ಲ. ಆರ್.ಸಿ.ಯ ತೂಕವಂತೂ ಹೆಚ್ಚುವುದೇ ಇಲ್ಲ. ಮೋಟಾರು ವಾಹನ ಕಾಯಿದೆಯ 194ನೇ ಕಲಮಿನಲ್ಲಿ 2019ರ ತಿದ್ದುಪಡಿಯ ನಂತರ ಓವರ್‌ಲೋಡಿನ ದಂಡ ಶುರುವಾಗುವುದೇ 20,000 ರೂಪಾಯಿಯಿಂದ.

ಇಳಿಜಾರಿನ ಬಗ್ಗೆ ಒಂದು ಮಾತು. ಎಕ್ಸಿಲೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್ ಥ್ರಾಟಲ್ ಮುಚ್ಚಿಕೊಂಡು ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ಅಂಥ ತಡೆ ಇಲ್ಲ, ಹಿಡಿತ ಕಡಿಮೆ. ಡೀಸೆಲ್ ಗಾಡಿಗೆ ಬದಲಾಗುವವರು ಹತ್ತಿದ ಗೇರಿನಲ್ಲೇ ಇಳಿಯುವ ಹಳೆಯ ಪಾಠವನ್ನು ಬಿಡಲೇಬಾರದು.

ಲೆಕ್ಕ

ಸಾಮಾನಿನ ಗಾಡಿ ಎಂದರೆ ಡೀಸೆಲ್ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ಹೋಗುವ ತನಕ ಪೆಟ್ರೋಲಿಗೂ ಡೀಸೆಲಿಗೂ ಬಹಳ ಅಂತರ ಇರುತ್ತಿತ್ತು. 2005ರಲ್ಲಿ ಬಂದ ಟಾಟಾ ಏಸ್ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ನಿನಿಂದಲೇ ಊರೂರು ಗೆದ್ದಿತು. ಬಿಎಸ್6 ಬಂದಾಗ ಅಂಥ ಸಣ್ಣ ಎಂಜಿನ್ನಿಗೆ ಡಿಪಿಎಫ್ ಮುಂತಾದ್ದರ ಖರ್ಚು ಭಾರವಾಗತೊಡಗಿ 2020ರಲ್ಲಿ ಏಸ್‌ಗೆ 694 ಸಿಸಿಯ ಪೆಟ್ರೋಲ್ ಎಂಜಿನ್ ಬಂತು. ಮಾರುತಿ ಸೂಪರ್ ಕ್ಯಾರಿಯ 793 ಸಿಸಿ ಡೀಸೆಲ್ ನಿಂತೇ ಹೋಯಿತು. ಅಮೆರಿಕದಲ್ಲಿ ಒಂದೇ ಹೆವಿ ಡ್ಯೂಟಿ ಪಿಕಪ್ಪಿನಲ್ಲಿ, ಉದಾಹರಣೆಗೆ ಫೋರ್ಡ್ ಎಫ್-250ಯಲ್ಲಿ, 7.3 ಲೀಟರ್ ಪೆಟ್ರೋಲ್ ಬೇಕೋ 6.7 ಲೀಟರ್ ಡೀಸೆಲ್ ಬೇಕೋ ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಆಯ್ಕೆ ಗಾಡಿಯ ಗಾತ್ರದ ಜತೆಗೇ ಬರುತ್ತದೆ: ಮುಕ್ಕಾಲು ಟನ್ನಿನ ಒಳಗೆ ಹೆಚ್ಚಾಗಿ ಪೆಟ್ರೋಲ್ ಮತ್ತು ಸಿಎನ್‌ಜಿ, ಒಂದೂಕಾಲು ಟನ್ನಿನ ಮೇಲೆ ಹೆಚ್ಚಾಗಿ ಡೀಸೆಲ್. ನಡುವಿನ ಒಂದು ಟನ್ನಿನ ವರ್ಗದಲ್ಲಿ ಮಾತ್ರ ತಲೆ ಕೆಡಿಸಿಕೊಳ್ಳಬೇಕು.

ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶೇ. 12ರಷ್ಟು ಹೆಚ್ಚು ಶಕ್ತಿ ಇದೆ. ಬಂಕಿನಲ್ಲಿ ಈಗ ಸಿಗುವ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥೆನಾಲ್. ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ ಆದ್ದರಿಂದ ಶಕ್ತಿಯ ಲೆಕ್ಕದಲ್ಲಿ ಲೀಟರಿಗೆ ಇನ್ನು ಶೇ. 6–7 ಕಡಿಮೆ. ಆದರೆ ಡೀಸೆಲಿನ ಈ ಲಾಭ ಕೈಗೆ ಬರಬೇಕಾದರೆ ಎಂಜಿನ್ ಬಿಸಿಯಾಗಿ ಓಡಬೇಕು.

ಒಂದು ತಿಂಗಳು ಎರಡೂ ಗಾಡಿಗೆ ಟ್ಯಾಂಕ್ ಬಾಯಿ ತನಕ ತುಂಬಿಸಿ, ಮತ್ತೆ ಬಾಯಿ ತನಕ ತುಂಬಿಸಿ ಬರೆದಿಟ್ಟ ಮೈಲೇಜ್ ಇದು. ಪೆಟ್ರೋಲಿಗೆ 106, ಡೀಸೆಲಿಗೆ 95 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದದ್ದು. ಅಣ್ಣನ ಡೀಸೆಲ್ 500 ಕಿಲೋಮೀಟರಿಗೆ ಲೀಟರಿಗೆ ಬರೀ 9.5 ಕೊಟ್ಟಿತು, 5000 ರೂಪಾಯಿ. ತಮ್ಮನ ಪೆಟ್ರೋಲ್ 1300 ಕಿಲೋಮೀಟರಿಗೆ ಓವರ್‌ಲೋಡಿನಲ್ಲಿ 10.5 ಕೊಟ್ಟಿತು, 13,100 ರೂಪಾಯಿ. ಎರಡು ಮನೆಗೆ ಸೇರಿ 18,100.

ಹೊಸ ಗಾಡಿ ತೆಗೆಯುವವರಿಗಾಗಿ ಇನ್ನೊಂದು ಲೆಕ್ಕ. ಒಂದು ಟನ್ನಿನ ವರ್ಗದಲ್ಲಿ ಡೀಸೆಲ್ ಗಾಡಿಗೆ 1.2 ಲಕ್ಷ ಹೆಚ್ಚು ಕೊಡಬೇಕು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ 12, ಡೀಸೆಲ್ 14.5 ಓಡಿದರೆ ಕಿಲೋಮೀಟರಿಗೆ 8.83 ಮತ್ತು 6.55 ರೂಪಾಯಿ, ಉಳಿತಾಯ 2.28. ಡೀಸೆಲಿನ ಆಯಿಲು, ಫಿಲ್ಟರ್‌ಗೆಂದು ವರ್ಷಕ್ಕೆ 5000 ಹೆಚ್ಚು ಖರ್ಚು ಹಿಡಿಯಿರಿ. ವರ್ಷಕ್ಕೆ 15,600 ಕಿಲೋಮೀಟರ್ ಓಡುವ ತಮ್ಮನಿಗೆ 30,600 ಉಳಿದು ನಾಲ್ಕು ವರ್ಷದಲ್ಲಿ ದುಡ್ಡು ತಿರುಗುತ್ತದೆ. ವರ್ಷಕ್ಕೆ 6000 ಓಡುವ ಅಣ್ಣನಿಗೆ 8700 ಉಳಿದು ಹದಿನಾಲ್ಕು ವರ್ಷ ಬೇಕು. ಅದೂ ಡಿಪಿಎಫ್ ಒಮ್ಮೆಯೂ ಕೆಡದಿದ್ದರೆ.

ಕೈಬಿಟ್ಟ ದಾರಿಗಳು

ಡಿಪಿಎಫ್ ಕತ್ತರಿಸಿ ಖಾಲಿ ಪೈಪ್ ಹಾಕಿ ಸಾಫ್ಟ್‌ವೇರ್ ಬದಲಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕಾನೂನುಬಾಹಿರ. ವಾರಂಟಿ ಹೋಗುತ್ತದೆ, ಗಾಡಿ ಮಾರುವಾಗಲೂ ಫಿಟ್‌ನೆಸ್ಸಿಗೂ ತೊಡಕು. ಎಲ್ಲಕ್ಕಿಂತ ಮೊದಲು, ಹಾಲಿನ ಸೊಸೈಟಿಯ ಎದುರು ಸಾಲು ನಿಂತ ಜನ ಆ ಹೊಗೆ ಕುಡಿಯಬೇಕು. ಡಿಪಿಎಫ್ ಬಿಚ್ಚಿ ವಾಟರ್ ಸರ್ವಿಸ್ ಪಂಪಿನಲ್ಲಿ ತೊಳೆಯುವುದೂ ಬೇಡ, ಆ ಒತ್ತಡಕ್ಕೆ ಒಳಗಿನ ಜಾಲರಿ ಒಡೆಯುತ್ತದೆ.

1.7 ಟನ್ನಿನ ಹೊಸ ಪಿಕಪ್ಪಿಗೆ ಅಡ್ಡ ಬಂದದ್ದು ತಲಪಾಡಿ, ಅಂದರೆ ಕೇರಳ–ಕರ್ನಾಟಕ ಗಡಿ. ಒಟ್ಟು ತೂಕ 3000 ಕಿಲೋ ಮೀರದ ಸಾಮಾನಿನ ಗಾಡಿಗೆ ಮೋಟಾರು ವಾಹನ ಕಾಯಿದೆಯ 66(3) ಕಲಮಿನ ಪ್ರಕಾರ ಪರ್ಮಿಟ್ ಬೇಡ. 1.7 ಟನ್ ಹೊರುವ ಗಾಡಿಯ ಒಟ್ಟು ತೂಕ ಮೂರು ಟನ್ ದಾಟಿಯೇ ದಾಟುತ್ತದೆ. ಆಗ ಕೇರಳದ ಪರ್ಮಿಟ್ ಬೇಕು, ವಾರಕ್ಕೆ ಮೂರು ಸಲ ಕರ್ನಾಟಕಕ್ಕೆ ಹೋಗಲು ಅಲ್ಲಿಗೂ ಸಲ್ಲುವ ಪರ್ಮಿಟ್ ಬೇಕು. ಗಡಿಯಲ್ಲಿರುವವರು ಷೋರೂಮಿನಲ್ಲಿ ಮೊದಲು ಕೇಳಬೇಕಾದ್ದು ಮೈಲೇಜ್ ಅಲ್ಲ, ಆರ್.ಸಿ.ಯಲ್ಲಿ ಬರುವ ಒಟ್ಟು ತೂಕ.

ಸಿಎನ್‌ಜಿಯ ಮಾತೂ ಬಂದಿತ್ತು. ಕೊಚ್ಚಿ–ಮಂಗಳೂರು ಅನಿಲ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಈ ಕಡೆ ಸಿಎನ್‌ಜಿ ಬಂದಿದೆ. ಆದರೆ ಸಿಲಿಂಡರಿನ ತೂಕ ಲೋಡಿನಿಂದ ಕಳೆದುಹೋಗುತ್ತದೆ, ಚಡಾವಿನಲ್ಲಿ ಎಳೆತ ಪೆಟ್ರೋಲಿಗಿಂತಲೂ ಕಡಿಮೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಆಗಬೇಕು. ತೋಟದಿಂದ ತುಂಬಿಸಿ ಹತ್ತುವ ಈ ಕೆಲಸಕ್ಕೆ ಅದು ಹೊಂದಲಿಲ್ಲ.

ಅದಲುಬದಲು ಮಾಡಿದ ಮೇಲೆ

ಉಳಿದದ್ದು ಖರ್ಚಿಲ್ಲದ ದಾರಿ. ಡೀಸೆಲ್ ಪಿಕಪ್ ತಮ್ಮನಿಗೆ, ಮಿನಿ ಟ್ರಕ್ ಅಣ್ಣನಿಗೆ. ಅಣ್ಣ ಸುಲಭಕ್ಕೆ ಒಪ್ಪಲಿಲ್ಲ. "ತೋಟದವನಿಗೇ ದೊಡ್ಡ ಗಾಡಿ ಬೇಡ ಅಂದರೆ ಗೊಬ್ಬರ ಯಾವುದರಲ್ಲಿ ತರುವುದು?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಬರೆದಿಟ್ಟ ಲೆಕ್ಕ ನೋಡಿದರೆ 740 ಕಿಲೋಗಿಂತ ಹೆಚ್ಚು ಹೇರುವ ಕೆಲಸ ವರ್ಷದಲ್ಲಿ ಇಪ್ಪತ್ತು ದಿನವೂ ಇರಲಿಲ್ಲ. ಬೇಸಿಗೆಯಲ್ಲಿ ಗೊಬ್ಬರ, ಮುರಕಲ್ಲು ತರುವ ದಿನ ಬಿಟ್ಟರೆ ಚಾಲಿ ಅಡಿಕೆ ಮಾರಲು ಒಯ್ಯುವಾಗಲೂ 65 ಕಿಲೋದ ಹತ್ತು ಗೋಣಿಗಿಂತ ಹೆಚ್ಚು ಒಮ್ಮೆಗೆ ಹೋಗುವುದು ಅಪರೂಪ. ಆ ದಿನಗಳಿಗೆ ಭಾನುವಾರ ದೊಡ್ಡ ಗಾಡಿ ಅಣ್ಣನಿಗೆ ಎಂದು ಗೊತ್ತು ಮಾಡಿಕೊಂಡರು. ಮುರಕಲ್ಲು ಒಂದಕ್ಕೆ 33 ಕಿಲೋ ಹಿಡಿದರೆ 1.3 ಟನ್ನಿಗೆ 39 ಕಲ್ಲು. ನೂರು ಕಲ್ಲಿಗೆ ಮೂರು ಟ್ರಿಪ್ಪು. ಎರಡೇ ಟ್ರಿಪ್ಪಿನಲ್ಲಿ ಮುಗಿಸುವ ಹಳೆಯ ಅಭ್ಯಾಸ ಡೀಸೆಲ್ ಗಾಡಿಗೂ ಒಳ್ಳೆಯದಲ್ಲ.

ತಮ್ಮನಿಗೆ ಹೇಳಿಕೊಟ್ಟದ್ದು ಒಂದೇ ಒಂದು ಕ್ರಮ. ಕುಂಬಳೆಯಿಂದ ತಲಪಾಡಿ ತನಕ ಅಗಲವಾದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನಿಲ್ಲದೆ ಓಡಬಹುದು. 55–60ರ ವೇಗದಲ್ಲಿ 2000 ಆರ್‌ಪಿಎಂ ಮೇಲೆ ಇರುವ ಗೇರಿನಲ್ಲಿ ಓಡಿಸಿದರೆ ಒಂದು ರೀಜನರೇಷನ್‌ಗೆ ಬೇಕಾದ ಇಪ್ಪತ್ತು ನಿಮಿಷ ಅಲ್ಲೇ ಸಿಗುತ್ತದೆ. ಡೀಸೆಲ್ ಮೈಲೇಜ್ ತುಸು ಇಳಿದು ಐಡಲ್ ಏರಿ ಬಿಸಿ ವಾಸನೆ ಬರುತ್ತಿದ್ದರೆ ರೀಜನರೇಷನ್ ನಡೆಯುತ್ತಿದೆ ಎಂದೇ ಅರ್ಥ. ಆಗ ಚಹಾಕ್ಕೆಂದು ನಿಲ್ಲಿಸಬಾರದು, ಇನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಬೇಕು. ಡೀಸೆಲ್ ತಲಪಾಡಿ ದಾಟಿ ಹಾಕಿಸಿದರೆ ಕೇರಳಕ್ಕಿಂತ ಲೀಟರಿಗೆ ಕೆಲವು ರೂಪಾಯಿ ಕಡಿಮೆ. 2023ರ ಏಪ್ರಿಲಿನಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿದೆ. ಪಂಪ್‌ಸೆಟ್ಟಿಗೆಂದು ಬ್ಯಾರಲಿನಲ್ಲಿ ಇಟ್ಟ ಹಳೆಯ ಡೀಸೆಲನ್ನು ಮಾತ್ರ ಈ ಗಾಡಿಗೆ ಹಾಕಬಾರದು. ಮಳೆಗಾಲದಲ್ಲಿ ಬ್ಯಾರಲಿನ ಒಳಗೆ ಕಟ್ಟಿದ ನೀರು ಸಾವಿರಾರು ಬಾರ್ ಒತ್ತಡದ ಇಂಜೆಕ್ಟರನ್ನು ತಿಂದುಹಾಕುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ನೀರು ಬಿಡುವುದನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಬೇಕು.

ಅಣ್ಣನಿಗೆ ಆಟಿ ತಿಂಗಳ ಮಳೆಯಲ್ಲಿ ಬೇರೆ ತೊಂದರೆ ಬಂತು. ಕೊಳೆರೋಗಕ್ಕೆ ಮದ್ದು ಬಿಡಲು ಮೊದಲು 1000 ಲೀಟರಿನ ಟ್ಯಾಂಕ್ ಇಡುತ್ತಿದ್ದ. ಮಿನಿ ಟ್ರಕ್ಕಿಗೆ ಅದು ಹೊರೆ. 500 ಲೀಟರಿನ ಟ್ಯಾಂಕ್ ಇಟ್ಟು ಪೂರ್ತಿ ತುಂಬಿಸಿ ಎರಡು ಸಲ ಹೋಗುವಂತೆ ಮಾಡಲಾಯಿತು. 500 ಲೀಟರ್ ಬೋರ್ಡೋ ಮದ್ದಿಗೆ 5 ಕಿಲೋ ಮೈಲುತುತ್ತು, 5 ಕಿಲೋ ಸುಣ್ಣ ಎಂದು ಲೆಕ್ಕವೂ ಸುಲಭ. ದೊಡ್ಡ ಟ್ಯಾಂಕಿನಲ್ಲಿ ಅರ್ಧ ನೀರು ಒಯ್ಯುವುದು ಬೇಡ. ತಿರುವಿನಲ್ಲಿ ನೀರು ಒಂದು ಬದಿಗೆ ಹೊಯ್ದಾಡಿ ಸಣ್ಣ ಗಾಡಿಯನ್ನು ಮಗುಚುವಷ್ಟು ಎಳೆಯುತ್ತದೆ. ಖಾಲಿ ಗಾಡಿ ಹಾವಸೆ ಹಿಡಿದ ಚಡಾವಿನಲ್ಲಿ ಹಿಂದಿನ ಚಕ್ರ ತಿರುಗಿಸುತ್ತಾ ನಿಲ್ಲುತ್ತಿತ್ತು. 40 ಕಿಲೋದ ಮೂರು ಮರಳು ಚೀಲ ಹಿಂದಿನ ಆಕ್ಸಲ್ಲಿನ ಮೇಲೆ ಬರುವಂತೆ ಇಟ್ಟು ಕಟ್ಟಿದ ಮೇಲೆ ಸರಿಹೋಯಿತು.

ಆರು ತಿಂಗಳ ಲೆಕ್ಕ: ಡೀಸೆಲ್ ಲೀಟರಿಗೆ 12.5, ತಿಂಗಳಿಗೆ 9900 ರೂಪಾಯಿ. ಪೆಟ್ರೋಲ್ 13.5, ತಿಂಗಳಿಗೆ 3900. ಎರಡು ಮನೆಗೆ ಸೇರಿ 13,800, ಅಂದರೆ ತಿಂಗಳಿಗೆ 4300 ಕಡಿಮೆ. ಆಯಿಲ್ ಗೇಜು ಗೆರೆ ದಾಟಲಿಲ್ಲ. 600 ಬೊಂಡ ಈಗ ನಿಯಮದ ಒಳಗೇ ಹೋಗುತ್ತದೆ, 700 ಹೇರಿದರೂ 1260 ಕಿಲೋ.

ಕಾಗದಪತ್ರ ಮಾತ್ರ ಬಾಕಿ ಉಳಿದಿದೆ. ಆರ್.ಸಿ., ವಿಮೆ ಎರಡೂ ಹಳೆಯ ಹೆಸರಿನಲ್ಲೇ ಇವೆ. ಮನೆಯವರೇ ಲೈಸೆನ್ಸ್ ಇಟ್ಟುಕೊಂಡು ಓಡಿಸಲು ಅಡ್ಡಿ ಇಲ್ಲ. ಆದರೆ ಬಾಡಿಗೆಯ ದುಡ್ಡು ಒಬ್ಬನದು, ಗಾಡಿ ಇನ್ನೊಬ್ಬನದು ಎಂದು ಹೆಚ್ಚು ಕಾಲ ಇಡುವುದು ಸರಿಯಲ್ಲ. ಫಾರಂ 29, 30 ಕೊಟ್ಟು ಹೆಸರು ಬದಲಿಸಿಕೊಂಡು, ವರ್ಗಾವಣೆಯಾದ 14 ದಿನದೊಳಗೆ ವಿಮೆ ಕಂಪೆನಿಗೂ ತಿಳಿಸುವ ಕೆಲಸ ಮುಂದಿನ ಫಿಟ್‌ನೆಸ್ಸಿಗೆ ಮೊದಲು ಆಗಬೇಕು.